ಪೇಟೆಂಟ್ ಎಂಬ ಬೇಲಿ

ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹೆಂಗಸು ಸಂಜೆ ಸಂಗೀತದ ಮೇಷ್ಟ್ರ ಮುಂದೆ ಚಾಪೆಯ ಮೇಲೆ ಕೂತು ಸರಳೆ ವರಸೆ ಒಪ್ಪಿಸುತ್ತಾಳೆ. ಅಲ್ಲಿ ಟೀಚರು, ಇಲ್ಲಿ ಶಿಷ್ಯೆ. ಆಳು ಒಬ್ಬಳೇ, ಪಾತ್ರ ಎರಡು. ಇದರಲ್ಲಿ ಹೊಸತೇನಿದೆ ಎನ್ನುತ್ತೀರಾ? ಇದನ್ನೇ ಕಂಪ್ಯೂಟರಿಗೆ ಅಳವಡಿಸಿ, ಇದು ನನ್ನ ಸೊತ್ತು ಎಂದು ಅಮೆರಿಕದ ಒಂದು ಕಂಪನಿ ಕೋರ್ಟು ಹತ್ತಿತ್ತು.

ಕಂಪನಿಯ ಹೆಸರು ಬ್ಲ್ಯಾಕ್‌ಬೋರ್ಡ್. ಕಾಲೇಜಿನ ಪಾಠ, ಪರೀಕ್ಷೆ, ಅಂಕಪಟ್ಟಿ ಎಲ್ಲವನ್ನೂ ಇಂಟರ್ನೆಟ್ಟಿನಲ್ಲಿ ನಡೆಸುವ ಸಾಫ್ಟ್‌ವೇರು ಅದರ ಸರಕು. ಕೊರೊನಾ ಕಾಲದಲ್ಲಿ ಮಕ್ಕಳ ಪಾಠ ಮೊಬೈಲಿನಲ್ಲಿ ನಡೆದದ್ದನ್ನು ಕಂಡ ತಾಯಂದಿರಿಗೆ ಇದರ ಅಂದಾಜು ಇದ್ದೇ ಇದೆ. 2006ರ ಜನವರಿ 17ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಒಬ್ಬನೇ ವ್ಯಕ್ತಿ ಒಂದು ಕೋರ್ಸಿನಲ್ಲಿ ವಿದ್ಯಾರ್ಥಿಯಾಗಿ, ಇನ್ನೊಂದರಲ್ಲಿ ಅಧ್ಯಾಪಕನಾಗಿ ಇರಬಲ್ಲ ವ್ಯವಸ್ಥೆ ತನ್ನ ಶೋಧ ಎಂಬುದು ಅದರ ವಾದದ ತಿರುಳು. ಅದೇ ಜುಲೈ 26ರಂದು ಕೆನಡಾದ ಡಿಸೈರ್‌ಟುಲರ್ನ್ ಎಂಬ ಪ್ರತಿಸ್ಪರ್ಧಿ ಕಂಪನಿಯ ಮೇಲೆ ಟೆಕ್ಸಾಸ್‌ನಲ್ಲಿ ದಾವೆ ಹೂಡಿತು. 2008ರ ಫೆಬ್ರವರಿಯಲ್ಲಿ ಜ್ಯೂರಿ ಬ್ಲ್ಯಾಕ್‌ಬೋರ್ಡ್ ಪರ ನಿಂತು ಸುಮಾರು 31 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದಿತು.

ಅಧ್ಯಾಪಕ ವಲಯದಲ್ಲಿ ಗಾಬರಿ ಎದ್ದಿತು. ಆಸ್ಟ್ರೇಲಿಯದ ಮಾರ್ಟಿನ್ ಡುಗಿಯಾಮಸ್ 2002ರಲ್ಲಿ ಹೊರತಂದ ಮೂಡಲ್‌ನಂಥ ಉಚಿತ ಸಾಫ್ಟ್‌ವೇರುಗಳ ಗತಿಯೇನು? ಅಂಥ ಮೂರು ಯೋಜನೆಗಳ ಪರವಾಗಿ ಒಂದು ಕಾನೂನು ಕೇಂದ್ರ, 2006ರ ಕೊನೆಯಲ್ಲೇ, ಪೇಟೆಂಟನ್ನು ಮರುಪರಿಶೀಲಿಸಿ ಎಂದು ಅರ್ಜಿ ಹಾಕಿತ್ತು. 2007ರ ಫೆಬ್ರವರಿಯಲ್ಲಿ ಕಂಪನಿ, ಉಚಿತ ಸಾಫ್ಟ್‌ವೇರಿನ ಮೇಲೂ ಕಾಲೇಜುಗಳು ತಾವೇ ಮಾಡಿಕೊಂಡದ್ದರ ಮೇಲೂ ದಾವೆ ಹೂಡುವುದಿಲ್ಲ ಎಂದು ಮಾತು ಕೊಟ್ಟಿತು. ಇದನ್ನು ಔದಾರ್ಯ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಊರ ಬಾವಿಗೆ ಬೇಲಿ ಹಾಕಿ, ಬಡವರು ಸೇದಿಕೊಳ್ಳಲಿ ಬಿಡಿ ಎಂದರೆ ಅದು ದಯೆ. ಬೇಲಿಯೇ ಸಲ್ಲದು ಎಂದರೆ ನ್ಯಾಯ.

ನ್ಯಾಯ ಬಂದದ್ದು 2009ರ ಜುಲೈ 27ರಂದು, ಮೇಲ್ಮನವಿ ಕೋರ್ಟಿನಿಂದ. ಆ ತೀರ್ಪು ಓದಲು ಸ್ವಾರಸ್ಯವಾಗಿದೆ. ಪೇಟೆಂಟಿನ ಮೊದಲ 35 ಹಕ್ಕುಗಳು ಅಸ್ಪಷ್ಟವೆಂದು ಬಿದ್ದುಹೋದವು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡಿಕೊಳ್ಳುವ ಭಾಗವೊಂದಿದೆ ಎಂದು ಬರೆದಿದ್ದರೇ ಹೊರತು, ಅದು ಹೇಗೆ ಕೆಲಸ ಮಾಡುತ್ತದೆಂದು ಬರೆದಿರಲಿಲ್ಲ. ಬಿಸಿಬೇಳೆಬಾತು ರುಚಿಯಾಗಿರುತ್ತದೆ ಎಂದು ಹೇಳಿ, ಮಾಡುವ ವಿಧಾನ ಬಿಟ್ಟ ಅಡುಗೆ ಪುಸ್ತಕದ ಹಾಗೆ. 36ರಿಂದ 38ರವರೆಗಿನ ಹಕ್ಕುಗಳಲ್ಲಿ ಹೇಳಿದ್ದು ಹಿಂದಿನ ಸಾಫ್ಟ್‌ವೇರುಗಳಲ್ಲೇ ಇತ್ತು. ನಮ್ಮದರಲ್ಲಿ ಒಂದೇ ಲಾಗಿನ್ ಸಾಕು, ಅದೇ ವಿಶೇಷ ಎಂದು ಕಂಪನಿ ವಾದಿಸಿತು. ಆದರೆ ಆ ಹಕ್ಕುಗಳ ಬರಹದಲ್ಲಿ ಹಾಗೆಂದು ಇಲ್ಲವಲ್ಲ ಎಂದಿತು ಕೋರ್ಟು. ಆ ಡಿಸೆಂಬರಿನಲ್ಲಿ ಎರಡೂ ಕಂಪನಿಗಳು ರಾಜಿಯಾದವು.

ಕೊನೆಗೆ ಒಳ್ಳೆಯದೇ ಆಯಿತಲ್ಲ ಎಂದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನು ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಹಳೆಯದನ್ನು ಹುಡುಕಿ ಪುರಾವೆ ಒದಗಿಸುವ ಹೊರೆ ಬೇಲಿ ಹಾಕಿದವರ ಮೇಲಲ್ಲ, ದಾರಿಯಲ್ಲಿ ನಡೆಯುವವರ ಮೇಲೆ ಬಿತ್ತು. ನಮ್ಮ ಅರಿಶಿನದ ಕತೆಯೂ ಇದೇ. ಗಾಯ ಮಾಯಲು ಅರಿಶಿನ ಎಂಬುದಕ್ಕೆ 1995ರಲ್ಲಿ ಇದೇ ಅಮೆರಿಕ ಪೇಟೆಂಟ್ ಕೊಟ್ಟಿತು. 1997ರಲ್ಲಿ ಅದು ರದ್ದಾಯಿತು ನಿಜ. ಆದರೆ ಅಜ್ಜಿಯರು ಹಚ್ಚುತ್ತಿದ್ದರು ಎಂಬ ಮಾತು ಅಲ್ಲಿ ಸಾಲದಾಯಿತು. ನಮ್ಮ ವಿಜ್ಞಾನ ಮಂಡಳಿ ಹಳೆಯ ಗ್ರಂಥಗಳನ್ನೂ 1953ರ ವೈದ್ಯಪತ್ರಿಕೆಯ ಲೇಖನವನ್ನೂ ಮುಂದಿಡಬೇಕಾಯಿತು.

ಬರಿಯ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ ಎನ್ನುತ್ತದೆ ನಮ್ಮ ಕಾಯ್ದೆ. ಆ ‘ಬರಿಯ’ ಎಂಬ ಪದದ ಸಂದಿಯಲ್ಲಿ ವಕೀಲರಿಗೆ ಜಾಗ ಇದ್ದೇ ಇದೆ. ಹೆಂಗಸರ ತಿಳಿವಳಿಕೆಯಲ್ಲಿ ಬಹುಪಾಲು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದದ್ದು. ಮಗುವಿಗೆ ಮಗ್ಗಿ ಕಲಿಸಲು ನೀವು ಕಂಡುಕೊಂಡ ಉಪಾಯ, ಸಂಘದ ಲೆಕ್ಕ ಇಡಲು ಹೂಡಿದ ಕ್ರಮ ಇವು ಡೈರಿಯಲ್ಲಿ ಉಳಿದರೆ ಸಾಲದು. ದಿನಾಂಕ ಹಾಕಿ, ಹೇಗೆ ಮಾಡುವುದೆಂದು ಬಿಡಿಸಿ ಬರೆದು, ಊರಿನ ಪತ್ರಿಕೆಯಲ್ಲಾದರೂ ಅಚ್ಚು ಮಾಡಿಸಿ. ಇದನ್ನೇನು ಬರೆಯುವುದು, ಎಲ್ಲರಿಗೂ ಗೊತ್ತಿರುವುದೇ ಎನ್ನಬೇಡಿ. ಎಲ್ಲರಿಗೂ ಗೊತ್ತಿದ್ದದ್ದಕ್ಕೇ ಅಲ್ಲವೇ ಅವರು ಬೇಲಿ ಹಾಕಿದ್ದು?