ರಕ್ಷಣೆ ಯಾರಿಗೆ, ಯಾವುದರಿಂದ?

ಕನ್ನಡ ಬೈಬಲ್ಲಿನಲ್ಲಿ ಮತ್ತೆ ಮತ್ತೆ ಬರುವ ಪದ 'ರಕ್ಷಣೆ'. ಕೇರಿಗೆ ಬೆಂಕಿ ಬಿದ್ದ ಮಾರನೆಯ ದಿನ ಪತ್ರಿಕೆಗಳಲ್ಲಿ ಬರುವುದೂ ಅದೇ ಪದ: ದಲಿತ ಕುಟುಂಬಗಳಿಗೆ ಪೊಲೀಸ್ ರಕ್ಷಣೆ. ಈ ರಕ್ಷಣೆ ಯಾರಿಂದ ಅಂತ ಕೇಳಿದರೆ ಹೆಸರು ಹೇಳಬಹುದು, ಎಫ್‌ಐಆರ್‌ನಲ್ಲಿ ಬರೆಸಬಹುದು (ಬರೆದುಕೊಂಡರೆ!). ಚರ್ಚಿನ ರಕ್ಷಣೆಯಲ್ಲಿ ಮಾತ್ರ ಆರೋಪಿ ನಾನೇ. ನನ್ನ ಪಾಪದಿಂದ ನನಗೆ ರಕ್ಷಣೆ. ಹಾಗಾದರೆ ಊರ ಬಾವಿಗೆ ನಮ್ಮನ್ನು ಬಿಡದವನ ಪಾಪ ಎಲ್ಲಿಗೆ ಹೋಯಿತು?

ಮತಾಂತರಗೊಂಡವರ ಸ್ಥಿತಿಗತಿ ಕುರಿತ ಬರಹದಲ್ಲಿ ಅಂಬೇಡ್ಕರ್ ಹಿಡಿದದ್ದು ಈ ಗಂಟನ್ನೇ. ಮನುಷ್ಯನ ಪತನಕ್ಕೆ ಸುತ್ತಲಿನ ಸಮಾಜವಲ್ಲ, ಅವನ ಪಾಪವೇ ಕಾರಣ ಎಂದು ಕಲಿಸಿದರೆ ಆ ಸಮಾಜವನ್ನು ಬದಲಿಸುವ ಹಟ ಅವನಲ್ಲಿ ಹುಟ್ಟುವುದಿಲ್ಲ ಎಂಬುದು ಅವರ ವಾದದ ತಿರುಳು. ಮಿಶನರಿಗಳು ಶಾಲೆ, ಆಸ್ಪತ್ರೆ ಕೊಟ್ಟರಲ್ಲ ಅನ್ನುತ್ತೀರಿ. ಕೊಟ್ಟರು, ನಿಜ. ನಾನು ಎತ್ತುತ್ತಿರುವುದು ದೇವಶಾಸ್ತ್ರದ ಪ್ರಶ್ನೆ.

ಬೈಬಲ್ ಹೇಳೋದೂ ಇಷ್ಟೇನಾ? ಮಾರ್ಕನ ಸುವಾರ್ತೆಯ 5ನೆಯ ಅಧ್ಯಾಯ ನೋಡಿ. 12 ವರ್ಷದಿಂದ ರಕ್ತಸ್ರಾವವಾಗುತ್ತಿರುವ ಒಬ್ಬ ಹೆಂಗಸು. ವೈದ್ಯರಿಗೆ ಸುರಿದೂ ಸುರಿದೂ ಕೈ ಬರಿದಾಗಿದೆ. ಯಾಜಕಕಾಂಡದ ಕಟ್ಟಳೆಯಂತೆ ಇಂಥವಳು ಕೂತ ಜಾಗ, ಮಲಗಿದ ಹಾಸಿಗೆ ಎಲ್ಲ ಮೈಲಿಗೆ. ಕನ್ನಡದಲ್ಲಿ 'ಮುಟ್ಟು' ಅನ್ನೋ ಒಂದೇ ಮಾತು ಕೈ ತಾಗಿಸುವುದಕ್ಕೂ ಆಗುತ್ತದೆ, ಹೆಂಗಸರನ್ನು ಹೊರಗೆ ಕೂರಿಸುವುದಕ್ಕೂ ಆಗುತ್ತದೆ. ಹಾಗಾಗಿ ಈ ಕತೆಯ ಬಿಸಿ ನಮ್ಮ ಭಾಷೆಗೆ ಬೇಗ ತಟ್ಟುತ್ತದೆ. ಗುಂಪಿನ ನಡುವೆ ಹಿಂದಿನಿಂದ ಬಂದು ಅವಳು ಯೇಸುವಿನ ಬಟ್ಟೆ ಮುಟ್ಟುತ್ತಾಳೆ. ಮುಟ್ಟಬಾರದವಳು ತಾನೇ ಕೈ ಚಾಚಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನನ್ನ ಬಟ್ಟೆ ಮುಟ್ಟಿದ್ಯಾರು ಅಂತ ಆತ ತಿರುಗಿ ಕೇಳಿದಾಗ ನಡುಗುತ್ತ ಬಂದು ಇದ್ದದ್ದನ್ನೆಲ್ಲ ಹೇಳುತ್ತಾಳೆ. ಆತ ಮಡಿ ಕೆಟ್ಟಿತು ಅನ್ನಲಿಲ್ಲ. ಪಾಪ ಒಪ್ಪಿಕೋ ಅನ್ನಲೂ ಇಲ್ಲ. ಮಗಳೇ ಎಂದ, ಅವಳ ನಂಬಿಕೆಯೇ ಅವಳನ್ನು ಗುಣಮಾಡಿತು ಎಂದ. ಇಲ್ಲಿ ಮೂಲ ಗ್ರೀಕಿನಲ್ಲಿರುವ ಕ್ರಿಯಾಪದ 'ಸೋಜೋ'. ಅದಕ್ಕೆ ಗುಣಮಾಡು, ರಕ್ಷಿಸು ಎರಡೂ ಅರ್ಥ. ಮೈಗೊಂದು ಪದ, ಆತ್ಮಕ್ಕೊಂದು ಪದ ಅಂತ ಸೀಳಿದ್ದು ಆಮೇಲಿನವರ ಕೆಲಸ. ಈ ಹೆಂಗಸಿಗೆ ರೋಗ ವಾಸಿಯಾಗುವುದೂ ಜನರ ನಡುವೆ ಮತ್ತೆ ಬರುವುದೂ ಬೇರೆ ಬೇರೆಯಲ್ಲ.

ಪಾಪದ ಮಾತೇ ಬೇಡ ಅಂತ ನಾನು ಹೇಳುತ್ತಿಲ್ಲ. ಲೂಕನ 19ನೆಯ ಅಧ್ಯಾಯದ ಜಕ್ಕಾಯ ಸುಂಕದವರ ಮುಖಂಡ, ದುಡ್ಡಿನ ಕುಳ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂತ ಅವನು ಲೆಕ್ಕ ಹೇಳಿದ ಮೇಲೆ ಯೇಸು ಆ ಮನೆಗೆ ರಕ್ಷಣೆ ಬಂತು ಅನ್ನುತ್ತಾನೆ. ಪಾಪ ದೋಚಿದವನದು. ದೋಚಿಸಿಕೊಂಡವರಿಗೂ ಅವನಿಗೂ ಚರ್ಚು ಒಂದೇ ಮದ್ದು ಅರೆದು ಕುಡಿಸಿತು ಅನ್ನೋದೇ ನನ್ನ ತಕರಾರು. ಪ್ರತ್ಯೇಕ ಬೆಂಚು, ಪ್ರತ್ಯೇಕ ಸ್ಮಶಾನಗಳನ್ನು ಇಟ್ಟುಕೊಂಡೇ ಕುಡಿಸಿತು.

ತಮಾಷೆಯೆಂದರೆ, ಕ್ರೈಸ್ತರಾದವರು ಜಾತಿಯಿಂದ ರಕ್ಷಣೆ ಪಡೆದೇಬಿಟ್ಟರು ಎಂದು ಪಾದ್ರಿಗಳಿಗಿಂತ ಗಟ್ಟಿಯಾಗಿ ನಂಬಿದ್ದು ಸರ್ಕಾರ! 1950ರ ಪರಿಶಿಷ್ಟ ಜಾತಿ ಆದೇಶ ಹಿಂದೂಗಳಲ್ಲದವರನ್ನು ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈಗೆ, ಕ್ರೈಸ್ತನೆಂಬ ಕಾರಣಕ್ಕೆ, ಪುಕ್ಕಟೆ ಪೆಟ್ಟಿಗೆ ಅಂಗಡಿ ಸಿಗಲಿಲ್ಲ. ಮತ ಬಿಟ್ಟ ಮೇಲೂ ಜಾತಿಯ ಹೊರೆ ಅಷ್ಟೇ ಭಾರ ಇದೆ ಎಂದು ತೋರಿಸಿಲ್ಲವೆಂದು ಸುಪ್ರೀಂ ಕೋರ್ಟು 1985ರಲ್ಲಿ ಅವನ ಅರ್ಜಿ ವಜಾ ಮಾಡಿತು. ಅಂದರೆ, ತನಗೆ ರಕ್ಷಣೆ ಸಿಕ್ಕಿಲ್ಲ ಅನ್ನೋದಕ್ಕೆ ಅವನೇ ಸಾಕ್ಷಿ ತರಬೇಕಿತ್ತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಬಗ್ಗೆ ಮಾತಾಡಿದರು. ಮುಂದೆ ದಲಿತ ದೇವಶಾಸ್ತ್ರಕ್ಕೆ ಅದೇ ದಾರಿಯಾಯಿತು. ಯೇಸುವೇ ದಲಿತ ಎಂದ ಅವರ ಮಾತಿಗೆ ನಾನು ಋಣಿ. ಆದರೆ ನೋವನ್ನೇ ಅರಿವಿನ ಮೂಲ ಮಾಡಿದಾಗ ನೋವಿಗೇ ಹಾರ ಹಾಕಿಬಿಡುತ್ತೇವೇನೋ ಎಂಬ ಅಂಜಿಕೆ ನನ್ನದು. ಮಾರ್ಕನ ಕತೆಯ ಹೆಂಗಸು 12 ವರ್ಷ ನೊಂದದ್ದಕ್ಕೆ ದೊಡ್ಡವಳಾಗಲಿಲ್ಲ.

ಚಳವಳಿಯ ಗೆಳೆಯರು ಕೇಳುತ್ತಾರೆ: ಬುದ್ಧ ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಾಬಾಸಾಹೇಬರೇ 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೆದಿರುವಾಗ ನಿಮಗ್ಯಾಕೆ ಈ ರಕ್ಷಕನ ಗೊಡವೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾರ್ಕನ ಯೇಸುವೂ ಅವಳಿಗೆ ನಾನು ರಕ್ಷಿಸಿದೆ ಅನ್ನಲಿಲ್ಲ, ನಿನ್ನ ನಂಬಿಕೆ ಅಂದ. ಭಾನುವಾರ ಚಾಪೆ ಹಾಸಿಕೊಂಡು ಪ್ರಾರ್ಥನೆಗೆ ಕೂರುವ ನಮ್ಮ ಅವ್ವಂದಿರಿಗೆ ಈ ಕತೆ ಬಾಯಿಪಾಠ. ಅವಳು ಮುಟ್ಟಿದಳು ಅನ್ನೋ ಜಾಗ ಬಂದಾಗ ಅವರ ದನಿ ಏರುತ್ತದೆ. ಪ್ರಸಂಗಿಗಳು ಅಲ್ಲಿ ನಿಲ್ಲದೆ ಪಾಪದ ಕಡೆಗೆ ಓಡುತ್ತಾರೆ. ನಮ್ಮ ವಿಮರ್ಶೆ ಅಲ್ಲೇ ನಿಂತು ಓದಲು ಶುರುಮಾಡಲಿ.