ಆನೆ, ಹಂದಿ ಮತ್ತು ಖಾಲಿ ಹಾಳೆ

ಆಗಷ್ಟೇ ಓದು ಕಲಿಯುತ್ತಿರುವ ಮಕ್ಕಳಿಗೆಂದು ಬರುವ ಪುಸ್ತಕಗಳಲ್ಲಿ ಬಹುಪಾಲು ಬೇಸರ ಹುಟ್ಟಿಸುತ್ತವೆ. ಚಿಕ್ಕ ಪದ, ಚಿಕ್ಕ ವಾಕ್ಯ, ಹೇಳಿದ್ದನ್ನೇ ಹೇಳುವುದು. ಕಥೆ ಮಾತ್ರ ನಾಪತ್ತೆ. 1957ರಲ್ಲಿ ಡಾ. ಸ್ಯೂಸ್ 236 ಬೇರೆ ಬೇರೆ ಪದಗಳನ್ನಷ್ಟೇ ಬಳಸಿ ‘ದಿ ಕ್ಯಾಟ್ ಇನ್ ದಿ ಹ್ಯಾಟ್’ ಬರೆದು ಈ ಜಡತೆಯನ್ನು ಮುರಿದರು. ಅವರಿಗೆ ಪ್ರಾಸದ ಆಸರೆಯಿತ್ತು. ಅಮೆರಿಕದ ಮೋ ವಿಲ್ಲೆಮ್ಸ್ ಅದನ್ನೂ ಬಿಟ್ಟರು. 2007ರಿಂದ 2016ರವರೆಗೆ ಬಂದ ಅವರ ‘ಎಲಿಫೆಂಟ್ ಅಂಡ್ ಪಿಗ್ಗಿ’ ಮಾಲೆಯ 25 ಪುಸ್ತಕಗಳಲ್ಲಿ ನಿರೂಪಕನೇ ಇಲ್ಲ. ಇರುವುದು ಮಾತು ಮಾತ್ರ.

ಕನ್ನಡಕ ಹಾಕಿದ, ಎಲ್ಲದಕ್ಕೂ ಗಾಬರಿಯಾಗುವ ಆನೆ ಜೆರಾಲ್ಡ್. ಯಾವುದಕ್ಕೂ ಹಿಂಜರಿಯದ ಹಂದಿ ಪಿಗ್ಗಿ. ಹಿಂದೆ ಮರವಿಲ್ಲ, ಮನೆಯಿಲ್ಲ, ಬರೀ ಬಿಳಿ ಹಾಳೆ. ಆನೆಯ ಮಾತು ಬೂದು ಗುಳ್ಳೆಯಲ್ಲಿ, ಹಂದಿಯದು ಗುಲಾಬಿ ಗುಳ್ಳೆಯಲ್ಲಿ. ಯಾರು ಆಡಿದ ಮಾತೆಂದು ತಿಳಿಯಲು ಅಕ್ಷರ ಕೂಡಿಸಬೇಕಾಗಿಲ್ಲ. ಕೂಗು ದಪ್ಪಕ್ಷರವಾಗುತ್ತದೆ, ಪಿಸುಮಾತು ಸಣ್ಣದಾಗುತ್ತದೆ. ಮಗು ಪದವನ್ನು ಬಿಡಿಸಿಕೊಳ್ಳುವ ಮೊದಲೇ ಅದನ್ನು ಯಾವ ದನಿಯಲ್ಲಿ ಹೇಳಬೇಕೆಂದು ಅದಕ್ಕೆ ಗೊತ್ತಿರುತ್ತದೆ. ವಿಲ್ಲೆಮ್ಸ್ ಅವರ ನಿಜವಾದ ಕಸುಬುಗಾರಿಕೆ ಇದೇ: ಅವರು ಬರೆಯುವುದು ನಾಟಕ, ಓದುವ ಮಗುವೇ ನಟ. ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ಗೆ ಬರೆದು, ಅನಿಮೇಷನ್ ಮಾಡಿ ಪಳಗಿದ ಕೈ, ನಗು ಯಾವ ಪುಟ ತಿರುಗಿದಾಗ ಸಿಡಿಯಬೇಕೆಂಬ ಲೆಕ್ಕ ತಪ್ಪುವುದು ಅಪರೂಪ.

‘ಮೈ ಫ್ರೆಂಡ್ ಈಸ್ ಸ್ಯಾಡ್’ ನೋಡಿ. ಬೇಸರದಲ್ಲಿರುವ ಜೆರಾಲ್ಡನನ್ನು ನಗಿಸಲು ಪಿಗ್ಗಿ ಕೌಬಾಯ್, ಕೋಡಂಗಿ, ರೋಬಾಟ್ ಆಗಿ ವೇಷ ಕಟ್ಟುತ್ತಾಳೆ. ಅವನ ದುಃಖ ಇನ್ನೂ ಹೆಚ್ಚುತ್ತದೆ. ಇಂಥ ಮಜಾ ನೋಡಲು ಗೆಳತಿ ಜೊತೆಗಿಲ್ಲವಲ್ಲ! ಗುಟ್ಟು ಗೊತ್ತಿರುವುದು ಓದುವ ಮಗುವಿಗೆ, ಗೊತ್ತಿಲ್ಲದಿರುವುದು ಆನೆಗೆ. ನಗುವೂ ಕನಿಕರವೂ ಒಂದೇ ಗಳಿಗೆಯಲ್ಲಿ ಬರುತ್ತವೆ.

2003ರ ‘ಡೋಂಟ್ ಲೆಟ್ ದ ಪಿಜನ್ ಡ್ರೈವ್ ದ ಬಸ್!’ನಲ್ಲಿ ಈ ಜಾಣತನ ಇನ್ನೂ ಹರಿತ. ಚಾಲಕ ಬಸ್ಸನ್ನು ಓದುಗನ ಸುಪರ್ದಿಗೆ ಬಿಟ್ಟು ಹೋಗುತ್ತಾನೆ. ಪಾರಿವಾಳ ಗೋಗರೆಯುತ್ತದೆ, ಪುಸಲಾಯಿಸುತ್ತದೆ, ಕೊನೆಗೆ ರಚ್ಚೆ ಹಿಡಿಯುತ್ತದೆ. ದಿನವಿಡೀ ‘ಬೇಡ’ ಕೇಳಿಸಿಕೊಳ್ಳುವ ಮಗುವಿಗೆ ‘ಬೇಡ’ ಎನ್ನುವ ಅಧಿಕಾರ ಸಿಗುತ್ತದೆ. ಅದನ್ನು ಅದು ಎಷ್ಟು ನಿರ್ದಯವಾಗಿ ಚಲಾಯಿಸುತ್ತದೆಂದರೆ, ಪಕ್ಕದಲ್ಲಿ ಕೂತ ಅಪ್ಪ ಅಮ್ಮನಿಗೆ ತಮ್ಮದೇ ದನಿ ಕೇಳಿಸೀತು. ಪುಸ್ತಕಕ್ಕೆ ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕಾಲ್ಡೆಕಾಟ್ ಗೌರವ ಸಿಕ್ಕಿದ್ದು ನ್ಯಾಯವೇ. ಆಮೇಲೆ ಬಂದ ಪಾರಿವಾಳದ ಪುಸ್ತಕಗಳು, ನಾಯಿಮರಿ ಕೇಳಿದ್ದು, ಸ್ನಾನಕ್ಕೆ ಒಲ್ಲೆ ಎಂದದ್ದು, ಅದೇ ಹಟದ ನಕಲು ಪ್ರತಿಗಳು. ಮಕ್ಕಳಿಗೆ ಪುನರಾವರ್ತನೆ ಇಷ್ಟ ಎನ್ನುವುದು ನಿಜ. ಅದು ಲೇಖಕನಿಗೆ ಪರವಾನಗಿಯಲ್ಲ. ಆನೆ-ಹಂದಿ ಮಾಲೆಯ ಕೊನೆಯ ‘ದಿ ಥ್ಯಾಂಕ್ ಯೂ ಬುಕ್’ ಕೂಡ ಬೀಳ್ಕೊಡುಗೆ ಸಮಾರಂಭದಂತಿದೆ, ಕಥೆಯಾಗಿಲ್ಲ.

ಖಾಲಿ ಹಾಳೆಗೂ ಒಂದು ಬೆಲೆಯಿದೆ. ಈ ಗೆಳೆಯರಿಗೆ ಊರಿಲ್ಲ, ತೋಟವಿಲ್ಲ, ನಿನ್ನೆಯೆಂಬುದಿಲ್ಲ. 1970ರಲ್ಲಿ ಆರ್ನಾಲ್ಡ್ ಲೋಬೆಲ್ ಸೃಷ್ಟಿಸಿದ ಕಪ್ಪೆ ಗೆಳೆಯರಾದ ಫ್ರಾಗ್ ಮತ್ತು ಟೋಡ್‌ಗೆ ಇವೆಲ್ಲ ಇದ್ದವು. ಯಾರೂ ಕಾಗದ ಬರೆಯುವುದಿಲ್ಲವೆಂದು ಟೋಡ್ ಕೊರಗಿದಾಗ ಫ್ರಾಗ್ ಒಂದು ಕಾಗದ ಬರೆದು ಬಸವನಹುಳುವಿನ ಕೈಗೆ ಕೊಡುತ್ತಾನೆ. ಅದು ತಲುಪಲು ನಾಲ್ಕು ದಿನ. ಅದರಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತು, ಆದರೂ ಒಟ್ಟಿಗೆ ಕೂತು ಕಾಯುತ್ತಾರೆ. ವಿಲ್ಲೆಮ್ಸ್ ಆ ಎತ್ತರದ ಹತ್ತಿರ ಬರುವುದು 2014ರ ‘ವೇಟಿಂಗ್ ಈಸ್ ನಾಟ್ ಈಸಿ!’ಯಲ್ಲಿ. ಕಾಯಲಾಗದ ಜೆರಾಲ್ಡನ ನರಳಾಟದ ಗುಳ್ಳೆ ಉಬ್ಬುತ್ತಾ ಹೋಗಿ ಪಿಗ್ಗಿಯನ್ನೇ ಅಮುಕಿಬಿಡುತ್ತದೆ. ಅತ್ತ ಬಿಳಿ ಹಾಳೆ ಪುಟದಿಂದ ಪುಟಕ್ಕೆ ಕಪ್ಪಾಗುತ್ತದೆ, ಕೊನೆಗೆ ನಕ್ಷತ್ರಗಳು. ಅಲ್ಲಿಯವರೆಗೆ ಏನೂ ಅಲ್ಲದ ಹಿನ್ನೆಲೆಗೆ ಒಮ್ಮೆಗೇ ಆಕಾಶವಾಗುವ ಕೆಲಸ ಸಿಗುತ್ತದೆ. ಆದರೂ ಇಲ್ಲಿ ಕಾಯುವಿಕೆಗೆ ಬಹುಮಾನವಿದೆ. ಲೋಬೆಲ್‌ನಲ್ಲಿ ಕಾಯುವುದೇ ಸುಖ. ಐದಾರು ವರ್ಷದ ಮಗುವಿನ ಕೈಗೆ ನಾನಾದರೆ ಮೊದಲು ಆನೆ-ಹಂದಿಯನ್ನೇ ಕೊಡುತ್ತೇನೆ. ಅಕ್ಷರದ ಭಯ ಬಿಡಿಸಲು ಅವರಿಬ್ಬರೇ ವಾಸಿ. ಕಪ್ಪೆಗಳಿಗೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ.