ಹುಡುಗಿಯರಿಂದ ಕಲಿತ ಹಾಡು

ಬೀಟಲ್ಸ್ ಎಂದಕೂಡಲೇ ಎಲ್ಲರೂ ಅವರ ಕೊನೆಗಾಲದ ದೊಡ್ಡ ಆಲ್ಬಮ್ಮುಗಳನ್ನೇ ನೆನೆಯುತ್ತಾರೆ. ನನಗೆ ಮಾತ್ರ ಅವರ ಮೊದಲನೆಯ ಆಲ್ಬಮ್ ‘ಪ್ಲೀಸ್ ಪ್ಲೀಸ್ ಮಿ’ಯ ಮೇಲೆ ತುಸು ಹೆಚ್ಚೇ ಮಮತೆ. 1963ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಇದರಲ್ಲಿ ಲಿವರ್‌ಪೂಲಿನ ನಾಲ್ವರು ಹುಡುಗರು ತಮ್ಮ ದನಿ ಯಾವುದೆಂದು ಇನ್ನೂ ಹುಡುಕುತ್ತಿದ್ದಾರೆ.

ಇದರ 14 ಹಾಡುಗಳಲ್ಲಿ 10ನ್ನು ಫೆಬ್ರವರಿ 11ರಂದು ಒಂದೇ ದಿನದಲ್ಲಿ ಲಂಡನ್ನಿನಲ್ಲಿ ಮುಗಿಸಿದರು. ಜಾನ್ ಲೆನನ್‌ಗೆ ಅಂದು ನೆಗಡಿ. ಕೊನೆಗೆ ಹಾಡಿದ ‘ಟ್ವಿಸ್ಟ್ ಅಂಡ್ ಶೌಟ್’ನಲ್ಲಿ ಅವನ ಗಂಟಲು ಹರಿದೇ ಹೋಗುತ್ತದೇನೋ ಎಂದು ಕೇಳುವವರಿಗೇ ಭಯವಾಗುತ್ತದೆ. ಬರೆದವರೆಲ್ಲ ಕೊಂಡಾಡುವುದು ಈ ಸಾಹಸವನ್ನೇ. ನನ್ನ ಗಮನ ಹೋದದ್ದು ಬೇರೆ ಕಡೆಗೆ.

ಆ 14ರಲ್ಲಿ 8 ಹಾಡುಗಳು ಸ್ವಂತದವು, 6 ಬೇರೆಯವರವು. ಆ ಆರರಲ್ಲಿ ಮೂರನ್ನು ಮೊದಲು ಹಾಡಿದವರು ಅಮೆರಿಕದ ಕಪ್ಪು ಹುಡುಗಿಯರು! ‘ಚೈನ್ಸ್’ ಹಾಡಿದ್ದು ಕುಕೀಸ್ ತಂಡ. ‘ಬಾಯ್ಸ್’ ಮತ್ತು ‘ಬೇಬಿ ಇಟ್ಸ್ ಯೂ’ ಹಾಡಿದವರು ಶಿರೆಲ್ಸ್, ನ್ಯೂಜೆರ್ಸಿಯ ಪಸೇಯಿಕ್ ಊರಿನ ನಾಲ್ವರು ಶಾಲಾ ಗೆಳತಿಯರು. ‘ಬಾಯ್ಸ್’ ಇದ್ದದ್ದು ಅವರ ರೆಕಾರ್ಡೊಂದರ ಹಿಂದಿನ ಮಗ್ಗುಲಲ್ಲಿ. ಮುಂದಿನ ಮಗ್ಗುಲಲ್ಲಿದ್ದ ಹಾಡು 1961ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು.

ಹುಡುಗರನ್ನು ಹೊಗಳಿ ಹುಡುಗಿಯರು ಹಾಡಿದ ‘ಬಾಯ್ಸ್’ ಅನ್ನು ಇಲ್ಲಿ ಡ್ರಮ್ ಬಾರಿಸುವ ರಿಂಗೋ ಹಾಡುತ್ತಾನೆ. ಅಲ್ಲಲ್ಲಿ ಮಾತು ಬದಲಾದರೂ ಪಲ್ಲವಿಯ ಹೊಗಳಿಕೆ ಹಾಗೇ ಇದೆ. ಅವನಿಗೆ ಸಂಕೋಚವೇ ಇಲ್ಲ, ಖುಷಿಯೋ ಖುಷಿ! ‘ಬೇಬಿ ಇಟ್ಸ್ ಯೂ’ವಿನಲ್ಲಿ ಲೆನನ್ ಅಂಗಲಾಚುತ್ತಾನೆ. ಹಿಂದಿನಿಂದ ಉಳಿದವರು ಗೆಳತಿಯರಂತೆ ಸೊಲ್ಲು ಹಿಡಿದು ಸಮಾಧಾನ ಮಾಡುತ್ತಾರೆ. ಬೇಡುವುದು, ಕಾಯುವುದು, ನೊಂದದ್ದನ್ನು ಬಾಯಿಬಿಟ್ಟು ಹೇಳುವುದು ಗಂಡಸಿಗೆ ತಕ್ಕದ್ದಲ್ಲ ಎಂದುಕೊಂಡಿದ್ದ ಕಾಲದಲ್ಲಿ ಈ ಹುಡುಗರು ಅದನ್ನೆಲ್ಲ ಹುಡುಗಿಯರ ಹಾಡಿನಿಂದ ಕಲಿತರು. ಆ ಮೆದುತನವೇ ಮುಂದೆ ಅವರ ಸ್ವಂತದ ಶೈಲಿಯಾಯಿತು.

ಆಲ್ಬಮ್ಮಿನಲ್ಲಿ ಎಲ್ಲವೂ ಚೆನ್ನಾಗಿಲ್ಲ. ‘ಎ ಟೇಸ್ಟ್ ಆಫ್ ಹನಿ’ ಹಿರಿಯರನ್ನು ಮೆಚ್ಚಿಸಲು ಹಾಡಿದಂತಿದೆ, ‘ಮಿಸರಿ’ಯ ದುಃಖ ತೋರಿಕೆಯದು. ಆದರೆ ಮನಸ್ಸಿನೊಳಗೇ ಆಸರೆ ಹುಡುಕುವ ‘ದೇರ್ಸ್ ಎ ಪ್ಲೇಸ್’ ಕೇಳಿದರೆ ಮುಂದಿನ ಬೀಟಲ್ಸ್ ಬಾಗಿಲಲ್ಲೇ ನಿಂತಿದ್ದಾರೆ ಅನಿಸುತ್ತದೆ.

ಮರುವರ್ಷವೇ, 1964ರ ‘ಎ ಹಾರ್ಡ್ ಡೇಸ್ ನೈಟ್’ನಲ್ಲಿ, ಎಲ್ಲ ಹಾಡುಗಳೂ ಸ್ವಂತದವಾದವು. ಅದೇ ವರ್ಷ ಇಂಗ್ಲೆಂಡಿನ ತಂಡಗಳು ಅಮೆರಿಕವನ್ನು ತುಂಬಿಕೊಂಡಾಗ ಹಿಂದೆ ಸರಿಯಬೇಕಾದವರಲ್ಲಿ ಶಿರೆಲ್ಸ್ ಕೂಡ ಇದ್ದರು. ಕಲಿಸಿದವರು ಹೊರಗೆ, ಕಲಿತವರು ಒಳಗೆ! ಬೀಟಲ್ಸರೇನೂ ತಮ್ಮ ಮೆಚ್ಚುಗೆಯನ್ನು ಮುಚ್ಚಿಡಲಿಲ್ಲ. ಕಥೆ ಬರೆದವರು ಮಾತ್ರ ನಾಲ್ವರು ಜಾಣ ಹುಡುಗರನ್ನಷ್ಟೇ ಕಂಡರು.

ನೀವು ಈ ಆಲ್ಬಮ್ ಕೇಳುವುದಾದರೆ ಶಿರೆಲ್ಸ್ ಹಾಡಿದ ‘ಬೇಬಿ ಇಟ್ಸ್ ಯೂ’ವನ್ನು ಮೊದಲು ಕೇಳಿ. ಯಾರ ದನಿ ಯಾರಲ್ಲಿದೆ ಎಂಬುದು ನಿಮ್ಮ ಕಿವಿಗೇ ಗೊತ್ತಾಗುತ್ತದೆ.